ಬೆಲೆ ಕಟ್ಟಲು ಬಂದವಳು

“ಮೂರೂ ನೋಡು. ಆಮ್ಯಾಲ ಮಾತಾಡು,” ಎಂದು ಜಯತೀರ್ಥರಾಯರು ಫ್ಲ್ಯಾಟುಗಳ ಜಾಹೀರಾತಿನ ಮಿರಿಮಿರಿ ಮಿಂಚುವ ಮೂರು ಪುಸ್ತಕಗಳನ್ನು ಟೀಪಾಯಿಯ ಮೇಲೆ ಪ್ರಜ್ಞಾಳತ್ತ ಸರಿಸಿದರು. ಪುಣೆಯದೊಂದು, ಹೈದರಾಬಾದಿನದೊಂದು, ಬೆಂಗಳೂರಿನದೊಂದು. ಮೂರರ ಮುಖಪುಟದಲ್ಲೂ ಒಂದೇ ನಮೂನೆಯ ನೀಲಿ ಈಜುಕೊಳ, ಅದರ ದಂಡೆಯಲ್ಲಿ ನಗುವ ಗಂಡ ಹೆಂಡತಿ.

ಪ್ರಜ್ಞಾಳ ಅಪ್ಪ ಧರೆಪ್ಪ ಹೊರಗಿನ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಅವನನ್ನು ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಬಾಗೇವಾಡಿಯ ಈ ಮನೆಗೆ ಬಂದಾಗಲೆಲ್ಲ ಇಪ್ಪತ್ತೆರಡು ವರ್ಷಗಳಿಂದ ಅವನ ಜಾಗ ಅದೇ. ಮಗಳಿಗೆ ಮಾತ್ರ ಇವತ್ತು ಕುರ್ಚಿ ಸಿಕ್ಕಿತ್ತು. ಚಹವೂ ಬಂತು. ರಾಯರಿಗೆ ಸ್ಟೀಲಿನ ಲೋಟದಲ್ಲಿ, ಅವಳಿಗೆ ಕಾಗದದ ಕಪ್ಪಿನಲ್ಲಿ.

ಮುಳವಾಡದ ಹತ್ತಿರ ರಾಯರಿಗೆ ಹನ್ನೆರಡು ಎಕರೆ ಹೊಲವಿತ್ತು. ಧರೆಪ್ಪ ಅದನ್ನು ಪಾಲಿಗೆ ಮಾಡಿಕೊಂಡಿದ್ದ. ಬರೀ ಜೋಳ, ತೊಗರಿ ಬೆಳೆಯುತ್ತಿದ್ದ ನೆಲಕ್ಕೆ ಮೂರು ವರ್ಷದ ಹಿಂದೆ ಕಾಲುವೆ ನೀರು ಬಂತು; ಬೆಲೆ ನಾಲ್ಕು ಪಟ್ಟಾಯಿತು. ಆದದ್ದೇ ತಡ, ರಾಯರು ಮಾರುವ ಮಾತೆತ್ತಿದರು. ಇಂಡಿ ಊರಿನಲ್ಲಿದ್ದ ಅವರ ಷಡ್ಡಕ ಪುಣೆಯಲ್ಲಿ ದೊಡ್ಡ ಫ್ಲ್ಯಾಟ್ ತೆಗೆದುಕೊಂಡು, ದಿನಾ ಬೆಳಿಗ್ಗೆ ಬಾಲ್ಕನಿಯಿಂದ ಒಂದು ಫೋಟೋ ಕಳಿಸುತ್ತಿದ್ದ. ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಜನರನ್ನು ಟೇಬಲ್ಲಿನ ಎದುರು ನಿಲ್ಲಿಸಿ ನಿವೃತ್ತರಾದ ರಾಯರಿಗೆ ಆ ಫೋಟೋ ನೋಡಿದ ಮೇಲೆ ನಾಷ್ಟಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಧರೆಪ್ಪನ ಮಗಳು ಹೈದರಾಬಾದಿನಲ್ಲಿ ಎಂಜಿನಿಯರು, ಸಾಲ ಕೊಡುವ ಬ್ಯಾಂಕುಗಳಿಗೆ ಇಂಥ ಮನೆಗಳ ಬೆಲೆ ಕಟ್ಟಿಕೊಡುವುದೇ ಅವಳ ಕೆಲಸ ಎಂದು ಯಾರೋ ಹೇಳಿದ್ದಕ್ಕೆ, ಊರಿಗೆ ಬಂದಿದ್ದ ಅವಳನ್ನು ಕರೆಸಿದ್ದರು.

ಹಿಂದಿನ ದಿನ ಸಂಜೆ ಧರೆಪ್ಪ ಮಗಳಿಗೆ ಹೇಳಿದ್ದ: “ಮೂರೂ ಮನಿ ಸುಮಾರ ಅದಾವು ಅಂತ ಒಂದ ಮಾತ ಅಂದು ಬಿಡು. ಅಂವ ಹೊಲ ಮಾರೂದಿಲ್ಲ.”

“ಇದ್ದದ್ದ ಹೇಳ್ತೇನಿ, ಅಪ್ಪಾ. ಇಲ್ಲದ್ದು ಹೇಳೂದಿಲ್ಲ.”

ಅವನು ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದ.

ಈಗ ಪ್ರಜ್ಞಾ ಪುಸ್ತಕಗಳ ಹಿಂದಿನ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದದ್ದನ್ನು ಓದಿದಳು. ನಕ್ಷೆಗಳ ಮೇಲೆ ಪೆನ್ಸಿಲ್ಲಿನಿಂದ ಲೆಕ್ಕ ಹಾಕಿದಳು. ರಾಯರು ಕಾಲು ಕುಣಿಸುತ್ತ ಕೂತಿದ್ದರು.

“ಬೆಂಗಳೂರಿಂದು ಬ್ಯಾಡ್ರಿ. ಎರಡೂವರಿ ಕೋಟಿ ಕೊಟ್ಟು ದಿನಾ ಟ್ಯಾಂಕರ್ ನೀರಿನ ಹಾದಿ ಕಾಯಬೇಕು. ಹೈದರಾಬಾದಿಂದು ಅದಕ್ಕಿಂತ ಕೆಟ್ಟದ್ರಿ. ಕಾಗದದಾಗ ಇಪ್ಪತ್ತಾರು ನೂರು ಚದರ ಅಡಿ ಅಂತ ಬರದಾರ, ಮನಿ ಒಳಗ ಸಿಗೂದು ಹದಿನೇಳು ನೂರು. ಉಳಿದಿದ್ದು ಲಿಫ್ಟಿನ ಮುಂದಿನ ಜಾಗ, ಮೆಟ್ಲ, ಜಿಮ್ಮು. ಅದಕ್ಕೂ ನೀವ ರೊಕ್ಕ ಕೊಡಬೇಕು. ಆ ಓಣ್ಯಾಗ ಅರ್ಧಕ್ಕರ್ಧ ಮನಿ ಖಾಲಿ ಬಿದ್ದಾವು. ನಾಳೆ ಮಾರಾಕ ಹೋದ್ರ ಕೇಳಾವ್ರ ಇರೂದಿಲ್ಲ.”

“ಪುಣೇದು?”

ಹೊರಗೆ ಧರೆಪ್ಪನ ಕೆಮ್ಮು ನಿಂತಿತು. ಹಿಂದಿನ ವರ್ಷ ಪ್ರಜ್ಞಾ ಪುಣೆಗೆ ಹೋಗಿ ಅದೇ ಕಟ್ಟಡದ ಎರಡು ಮನೆಗಳಿಗೆ ಬೆಲೆ ಕಟ್ಟಿ ಬಂದಿದ್ದಳು. ಗೋಡೆ ತಟ್ಟಿ ನೋಡಿದ್ದಳು, ನೀರು ಬಿಟ್ಟು ನೋಡಿದ್ದಳು. ಹುಡುಕಿದರೂ ಕೊಂಕು ಸಿಕ್ಕಿರಲಿಲ್ಲ.

“ಪುಣೇದು ಛಲೋ ಐತ್ರಿ. ಕೇಳಿದ ರೊಕ್ಕಕ್ಕ ತಕ್ಕ ಮನಿ. ತಗೊಳ್ಳೂದ ಖರೆ ಇದ್ರ ಅದನ್ನ ತಗೋರಿ.”

ರಾಯರು ಕಾಲು ಕುಣಿಸುವುದನ್ನು ನಿಲ್ಲಿಸಿದರು. ಬಾಗಿಲಾಚೆ ಕಾಣುವ ಧರೆಪ್ಪನ ಬೆನ್ನನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ನಕ್ಕರು.

“ಹೊಲ ಮಾರಿದ್ರ ನಿಮ್ಮಪ್ಪನ ಅನ್ನ ಹೋಗ್ತದ. ಅದು ಗೊತ್ತಿದ್ದೂ ನೀ ತಗೋರಿ ಅಂತೀ. ಅಂದ ಮ್ಯಾಲೆ ಅದರಾಗ ಏನೋ ಅದ. ನನ್ನನ್ನ ಎಲ್ಲೆರೆ ಸಿಗಿಸಬೇಕಂತ ಅಪ್ಪ ಮಗಳು ಕೂಡಿ ಮಾತಾಡ್ಕೊಂಡ ಬಂದೀರಿ, ಹೌದಲ್ಲೋ?”

ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ರುಕ್ಮಿಣೀಬಾಯಿ, “ಹುಡುಗಿ ಖರೇನ ಹೇಳ್ಲಿಕ್ಹತ್ತಾಳ ಅನಸ್ತದ,” ಎಂದರು.

“ನೀ ಒಳಗ ನಡಿ. ನಿಮ್ಮಂಥವರನ್ನ ಮೂವತ್ತು ವರ್ಷ ನೋಡೇನಿ ನಾ,” ಎಂದರು ರಾಯರು. ಮಾತಿನ ಮೊದಲರ್ಧ ಹೆಂಡತಿಗೆ, ಉಳಿದರ್ಧ ಪ್ರಜ್ಞಾಳಿಗೆ.

“ನಂಬೂದಿಲ್ಲಂದ್ರ ಕರಿಸಿದ್ಯಾಕ್ರಿ?”

“ಧರೆಪ್ಪನ ಮಗಳು ಎಷ್ಟು ಕಲತಾಳ ನೋಡೋಣಂತ ಕರಿಸಿದೆ. ನೋಡಿದೆ.”

ಪ್ರಜ್ಞಾ ಎದ್ದಳು. ಚಹ ಹಾಗೇ ಉಳಿಯಿತು.

ಬಸ್ ಸ್ಟ್ಯಾಂಡಿನವರೆಗೂ ಧರೆಪ್ಪ ಅವಳಿಗಿಂತ ಹತ್ತು ಮಾರು ಮುಂದೆ ನಡೆದ. ಅಲ್ಲಿ ನಿಂತು ತಿರುಗಿದ. “ಆ ಹೊಲಕ್ಕ ಪೈಪ ಹೊತ್ತಾವ್ರು ಯಾರು? ಕಲ್ಲ ಆರಿಸಿದಾವ್ರು ಯಾರು? ಅವನ ಮುಂದ ನೀ ದೊಡ್ಡಾಕಿ ಆಗಾಕ ಹೋದಿ.”

“ನಾ ಸುಳ್ಳ ಹೇಳಿದ್ರೂ ಅಂವ ಮಾರತಿದ್ದ, ಅಪ್ಪಾ.”

“ಮಾರತಿದ್ದ. ಮಾರ್ಲಿ. ನನ್ನ ಮಗಳ ಬಾಯಿಂದ ತಗೋರಿ ಅಂತ ಬರಬಾರದಿತ್ತು.”

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿತ್ತು. ಅವನು ಹೋಗಿ ಹಿಂದೆ ಕೂತ.

ಎರಡು ತಿಂಗಳಲ್ಲಿ ಹೊಲ ಮುದ್ದೇಬಿಹಾಳದ ಗುತ್ತಿಗೆದಾರನೊಬ್ಬನ ಪಾಲಾಯಿತು. ಅವನು ಮೊದಲು ಮಾಡಿದ ಕೆಲಸ ಸುತ್ತಲೂ ತಂತಿ ಬೇಲಿ ಹಾಕಿಸಿದ್ದು. ನೆಲದಲ್ಲಿದ್ದ ಉಳ್ಳಾಗಡ್ಡಿಯನ್ನು ಧರೆಪ್ಪ ಬಲಿಯುವ ಮೊದಲೇ ಕಿತ್ತ, ನಿಂಬೆಹಣ್ಣಿನಷ್ಟೂ ದಪ್ಪಗಿರಲಿಲ್ಲ. ರಾಯರು ಪುಣೆಯನ್ನು ಬಿಟ್ಟು ಹೈದರಾಬಾದಿನ ಮನೆಯನ್ನೇ ಕೊಂಡರು. ಷಡ್ಡಕನದಕ್ಕಿಂತ ಅದು ಕಾಗದದ ಮೇಲೆ ಎಷ್ಟೋ ದೊಡ್ಡದಿತ್ತು. “ನಿನ್ನ ಮಗಳಿಗೆ ಹೇಳು, ನಾ ಆಕಿ ಬ್ಯಾಡಂದದ್ದನ್ನ ತಗೊಂಡೆ,” ಎಂದು ಧರೆಪ್ಪನಿಗೆ ಫೋನು ಮಾಡಿ ತಿಳಿಸಿದರು. ಧರೆಪ್ಪ ಅದನ್ನು ಮಗಳಿಗೆ ಹೇಳಲಿಲ್ಲ, ಯಾಕೆಂದರೆ ಅವನು ಮಗಳೊಡನೆ ಮಾತೇ ಬಿಟ್ಟಿದ್ದ. ಅವಳು ಫೋನು ಮಾಡಿದರೆ ತಾಯಿ ಸಾವಿತ್ರವ್ವ, “ಹೊರಗ ಹೋಗ್ಯಾನವಾ,” ಅನ್ನುತ್ತಿದ್ದಳು. ಅವನು ಅಲ್ಲೇ ಉಸಿರಾಡುವುದು ಪ್ರಜ್ಞಾಳಿಗೆ ಕೇಳುತ್ತಿತ್ತು. ಅರವತ್ತರ ಹತ್ತಿರದಲ್ಲಿ ಅವನು ಬೇರೆಯವರ ಹೊಲಕ್ಕೆ ದಿನಗೂಲಿಗೆ ಹೋಗುತ್ತಿದ್ದ.

ಒಂದೂವರೆ ವರ್ಷದ ಮೇಲೆ ಬ್ಯಾಂಕಿನಿಂದ ಬಂದ ಕಡತವೊಂದರಲ್ಲಿ ಆ ಹೆಸರಿತ್ತು. ರಾಯರು ಮನೆ ಮಾರುತ್ತಿದ್ದರು. ಕೊಳ್ಳುವವರು ಸಾಲ ಕೇಳಿದ್ದರು. ಪ್ರಜ್ಞಾ ತನ್ನ ಮೇಲಧಿಕಾರಿಗೆ, ಇವರು ನನ್ನ ಊರಿನ ಕಡೆಯವರು, ನಮ್ಮ ನಡುವೆ ಮನಸ್ತಾಪ ಇದೆ, ಬೇರೆಯವರನ್ನು ಕಳಿಸಿ ಎಂದಳು. ನೆಂಟರಲ್ಲವಲ್ಲ, ಇವತ್ತು ಬೇರೆ ಯಾರೂ ಇಲ್ಲ, ನೀವೇ ಹೋಗಿ ಬನ್ನಿ ಎಂದು ಅವರು ಕಳಿಸಿದರು.

ಹದಿನೇಳನೇ ಮಹಡಿಯ ಬಾಗಿಲು ತೆರೆದ ರಾಯರು ಅವಳ ಕೊರಳಿನ ಗುರುತಿನ ಚೀಟಿಯನ್ನು ಎರಡೆರಡು ಸಲ ಓದಿದರು. ಮೈ ಇಳಿದು ಸೊರಗಿದ್ದರು. “ನೀನ ಬರಬೇಕಾಗಿತ್ತೇನು?” ಎಂದು ದಾರಿ ಬಿಟ್ಟರು.

ಅವಳು ಒಂದೊಂದೇ ಕೋಣೆ ಅಳೆಯುತ್ತ ಹೋದಳು. ರಾಯರು ಬೆನ್ನು ಬಿಡಲಿಲ್ಲ. ಕಟ್ಟಡದ ತಿಂಗಳ ನಿರ್ವಹಣೆಯ ಖರ್ಚಿಗೇ ಪಿಂಚಣಿಯ ಅರ್ಧ ಕೊಡಬೇಕು, ಈ ಮಹಡಿಯಲ್ಲಿ ಬೇರೆ ಮೂರೂ ಮನೆಗೆ ಬೀಗ, ಮಾತಾಡಲಿಕ್ಕೆ ನರಪಿಳ್ಳೆ ಇಲ್ಲ ಎಂದು ಅವಳು ಕೇಳದಿದ್ದರೂ ಹೇಳಿದರು. ಹೇಳಿದ್ದಕ್ಕೆ ತಮ್ಮ ಮೇಲೇ ಸಿಟ್ಟು ಬಂದಂತೆ ದನಿ ಏರಿಸಿದರು.

“ಎಷ್ಟು ಬರೀತೀ?”

“ಅದನ್ನ ಬ್ಯಾಂಕಿಗೆ ಹೇಳೂದ್ರಿ.”

“ಕಡಿಮಿ ಬರೀತೀ, ನಂಗೊತ್ತದ. ಸೇಡು ತೀರಿಸ್ಕೊಳ್ಳಿಕ್ಕೆ ಬಂದೀದಿ.”

ಪ್ರಜ್ಞಾ ಬರೆಯುವುದನ್ನು ನಿಲ್ಲಿಸಿದಳು. “ಸೇಡು ತೀರಿಸೂದಿದ್ರ ಅವತ್ತ ಹೈದರಾಬಾದಿಂದು ತಗೋರಿ ಅಂತಿದ್ದೆ. ಅದರ ಬದಲಿ ಖರೆ ಹೇಳಿ ನಮ್ಮಪ್ಪನ ಮಾತ ಕಳಕೊಂಡೆ. ಒಂದೂವರಿ ವರ್ಷ ಆತ್ರಿ, ಅಂವ ನನಗ ಊಟ ಆತೇನು ಅಂತ ಕೇಳಿಲ್ಲ. ನಿಮ್ಮ ಮನಿ ಬೆಲಿ ಎಷ್ಟ ಐತೋ ಅಷ್ಟ ಬರೀತೇನಿ. ಒಂದ ರೂಪಾಯಿ ಹೆಚ್ಚಿಲ್ಲ, ಕಡಿಮಿಲ್ಲ. ದಾರಿ ಬಿಡ್ರಿ.”

ರಾಯರು ಬಾಯಿ ತೆರೆದರು. ಆದರೆ ಮಾತು ಬಂದದ್ದು ಒಳಗಿನ ಕೋಣೆಯಿಂದ. “ಪ್ರಜ್ಞಾ, ಇಲ್ಲೆ ಬಾರವಾ.”

ರುಕ್ಮಿಣೀಬಾಯಿ ಮಲಗುವ ಕೋಣೆಯ ಮೂಲೆಯಲ್ಲಿ ನಿಂತಿದ್ದರು. ಅಲ್ಲಿ ಗೋಡೆಯ ತುಂಬ ದಪ್ಪನೆಯ ಹೊಸ ಪರದೆ ಇಳಿಬಿಟ್ಟಿತ್ತು. ನಕ್ಷೆಯ ಪ್ರಕಾರ ಆ ಗೋಡೆಗೆ ಕಿಟಕಿಯೇ ಇರಲಿಲ್ಲ.

“ರುಕ್ಮಿಣೀ!” ಎಂದರು ರಾಯರು ಹಿಂದಿನಿಂದ.

“ಕೊಳ್ಳೋ ಹುಡುಗಿ ನಿನ್ನೆ ಬಂದಿದ್ಲು. ಬಸರಿ ಇದ್ದಾಳ. ತೊಟ್ಟಿಲು ಇಲ್ಲೇ ಇಡ್ತೀನಿ ಅಂತ ಈ ಗೋಡಿ ಕಡೆ ಕೈ ಮಾಡಿದ್ಲು,” ಎಂದರು ರುಕ್ಮಿಣೀಬಾಯಿ. ಅವರು ಗಂಡನ ಕಡೆ ತಿರುಗಲಿಲ್ಲ. ಎರಡೂ ಕೈಯಿಂದ ಪರದೆಯನ್ನು ಹಿಡಿದು ಜಗ್ಗಿದರು.

ನೆಲದಿಂದ ಎದೆಮಟ್ಟದವರೆಗೆ ಗೋಡೆ ಕಪ್ಪಾಗಿತ್ತು. ಮೇಲಿನ ಬಣ್ಣ ಉಬ್ಬಿ ಹೊಪ್ಪಳಿಕೆ ಎದ್ದಿತ್ತು. ಪರದೆ ಜಾರಿದ ರಭಸಕ್ಕೆ ಒಂದು ದೊಡ್ಡ ಹಕ್ಕಳೆ ಕಳಚಿ ಬಿದ್ದು, ಬಿಳಿ ಹುಡಿ ಅಮೃತಶಿಲೆಯ ನೆಲದ ಮೇಲೆ ಹರಡಿತು.

ಪ್ರಜ್ಞಾ ಮೂರು ಫೋಟೋ ತೆಗೆದಳು. ಗೋಡೆಗೆ ಅಂಗೈ ಒತ್ತಿ ತೇವ ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ರುಕ್ಮಿಣೀಬಾಯಿ ಪರದೆಯನ್ನು ನಾಲ್ಕು ಮಡಿಕೆ ಮಾಡಿ ಮಂಚದ ಮೇಲಿಟ್ಟರು.

ರಾಯರು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತರು. ಧೋತರದ ಚುಂಗು ಹುಡಿಯಲ್ಲಿ ಎಳೆದಾಡುತ್ತಿತ್ತು. ಚೆಲ್ಲಿದ ಸುಣ್ಣವನ್ನು ಬರಿಗೈಯಿಂದ ಬಳಿದು ಬಳಿದು ಒಂದು ಕಡೆ ಗುಡ್ಡೆ ಮಾಡತೊಡಗಿದರು.