ಅಳತೆಯ ಬೆಲ್ಟು

ಕಾರಿನ ಬಾನೆಟ್ ಎತ್ತಿ ಕಂಬಿ ಕೊಟ್ಟು ನಿಲ್ಲಿಸಿದ ಮೇಲೆ ಟೈಲರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. ಹತ್ತನೇ ನಂಬರಿನ ಸ್ಪ್ಯಾನರ್ ತೆಗೆದುಕೊಂಡು, ಬ್ಯಾಟರಿಯ ಕಪ್ಪು ವೈರನ್ನು ಬಿಚ್ಚಿ ಪಕ್ಕಕ್ಕೆ ಬಗ್ಗಿಸಿದಳು. "ಮೊದಲು ಕರೆಂಟು ತೆಗೀಬೇಕು," ಎಂದು ಕೊಂಚ ಜೋರಾಗಿಯೇ ಹೇಳಿಕೊಂಡಳು.

ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಇಪ್ಪತ್ತೈದು ವರ್ಷ ಡ್ರೈವರ್ ಆಗಿದ್ದವನು ಅವನು. ಊರವರ ಗಾಡಿಗಳನ್ನೆಲ್ಲ ಓಡಿಸಿ, ಕೊನೆಗೆ ತನ್ನದೇ ಎಂದು ಈ ಕಾರನ್ನು ಕೊಂಡಿದ್ದ. ಅದರ ಮೈಮೇಲೆ ಪರರ ಕೈ ಬೀಳಗೊಟ್ಟವನಲ್ಲ. ಏನೇ ಕೆಟ್ಟರೂ ಅಂಗಳದಲ್ಲೇ ರಿಪೇರಿ. ಹೆಂಡತಿ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯಬೇಕು. "ನೆಟ್ಟಗೆ ಹಿಡಿಯೇ, ಗಾಡಿಗೆ ಬೆಳಕು ಬೇಕು, ನನ್ನ ಮೂಗಿಗಲ್ಲ," ಎಂದು ಬೈಸಿಕೊಳ್ಳಬೇಕು. ಏಳು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಅವನ ಬಲಗೈ ಬಿದ್ದುಹೋಯಿತು. ಕಾಲು ಹೇಗೋ ಹಿಡಿತಕ್ಕೆ ಬಂತು, ಮಾತೂ ಎಳೆದುಕೊಂಡು ಬಂತು. ಕೈ ಮಾತ್ರ ಇನ್ನೂ ತೊಡೆಯ ಮೇಲೆ, ಯಾರೋ ಮರೆತುಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು.

ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಿ ಕೈಗೆ ವ್ಯಾಯಾಮ ಮಾಡಿಸಬೇಕು ಎಂದಿದ್ದರು ಡಾಕ್ಟರು. ಅವನು ಎರಡು ಸಲ ಹೋಗಿ ನಿಲ್ಲಿಸಿಬಿಟ್ಟ. ಬಾಡಿಗೆ ಗಾಡಿಯವನು ಸೊಂಟ ಹಿಡಿದು ಹತ್ತಿಸುವುದನ್ನು ಬೀದಿಯೆಲ್ಲ ನೋಡುತ್ತದೆ ಎಂಬ ನಾಚಿಕೆ. ಆಮೇಲೆ ಮನೆಯ ಗೇಟೇ ದಾಟಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಟೈಲರಮ್ಮ ಡ್ರೈವಿಂಗ್ ಕಲಿಯಲು ಹೋದದ್ದು ಅದಕ್ಕೇ. ಲೈಸೆನ್ಸ್ ತಂದು ಅವನ ಮುಂದಿಟ್ಟಾಗ ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋಟೋದಲ್ಲಿ ಕಳ್ಳಿ ಥರ ಇದೀಯ," ಎಂದನೇ ಹೊರತು ಕಾರಿನ ಕೀಲಿ ಕೊಡಲಿಲ್ಲ. ಕೊಡುವುದಿರಲಿ, ಗಾಡಿಯನ್ನೇ ಮಾರುತ್ತೇನೆಂದು ಹಟ ಹಿಡಿದ. ಅದು ಹೋದರೆ ಈ ಮನುಷ್ಯ ಆ ಕುರ್ಚಿಯಿಂದ ಮತ್ತೆ ಏಳುವುದಿಲ್ಲ ಎಂದು ಅವಳಿಗೆ ಒಳಗೊಳಗೇ ಗೊತ್ತಾಗಿತ್ತು.

ಈ ದಿನ ಬೆಳಿಗ್ಗೆ, ಕೊಳ್ಳುವ ಗಿರಾಕಿಗೆ ತೋರಿಸುವ ಮುಂಚೆ ನೋಡೋಣವೆಂದು ಅವನೇ ಕೀಲಿ ಕೊಟ್ಟು ಸ್ಟಾರ್ಟ್ ಮಾಡಿಸಿದರೆ, ಗಾಡಿ ಕಿವಿ ತೂತಾಗುವಂತೆ ಕಿರುಚಿತ್ತು.

"ಎರಡೂ ಬೆಲ್ಟ್ ಸವೆದಿವೆ," ಎಂದ ಗಂಡ. "ಗಾಡಿ ಅಂದ್ರೆ ಸ್ಟೀರಿಂಗ್ ತಿರುಗಿಸೋದಷ್ಟೇ ಅಲ್ಲ ಕಣೇ. ನಡುದಾರೀಲಿ ಕೈಕೊಟ್ರೆ ಏನ್ ಮಾಡ್ತೀಯ? ಸೂಜಿ ದಾರ ತೆಗೀತೀಯ?"

"ಬೆಲ್ಟ್ ನಾನೇ ಹಾಕ್ತೀನಿ. ಕಿರುಚದೆ ಸ್ಟಾರ್ಟ್ ಆದ್ರೆ ಗಾಡಿ ಮನೇಲೇ ಇರ್ಬೇಕು. ಆಗುತ್ತಾ ಹೇಳಿ."

"ಆಗಲಿ. ಐದು ಗಂಟೆಗೆ ಗಿರಾಕಿ ಬರ್ತಾನೆ. ಅಷ್ಟರೊಳಗೆ ಹಾಕು. ನಾನು ಮಾತ್ರ ಬಾಯಿ ಬಿಡೋದಿಲ್ಲ."

ಹಾಗೆಂದವನು ಕೊಟ್ಟ ಮಾತಿನಂತೆ ಕಲ್ಲಾಗಿ ಕೂತಿದ್ದ.

ಹೊರಗಿನ ಬೆಲ್ಟು ಸ್ಟೀರಿಂಗ್ ಹಗುರ ಮಾಡುವ ಪಂಪಿನದು. ಒಳಗಿನದು ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋದ್ದು. ಮೊದಲು ಹೊರಗಿನದು ಬರಬೇಕು, ಇಲ್ಲದಿದ್ದರೆ ಒಳಗಿನದು ಬರುವುದಿಲ್ಲ. ಅಷ್ಟು ಟಾರ್ಚ್ ಹಿಡಿದ ಪುಣ್ಯಕ್ಕೇ ಅವಳಿಗೆ ತಿಳಿದಿತ್ತು. ಬೆಲ್ಟನ್ನು ಬಿಗಿಯಾಗಿ ಹಿಡಿದಿದ್ದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟು, ಎರಡು ಕೈಯಲ್ಲೂ ಸ್ಪ್ಯಾನರ್ ಹಿಡಿದು ತೂಗಿದಳು. ಜಾರಿ ಗೆಣ್ಣಿನ ಚರ್ಮ ಸುಲಿಯಿತು. ಕುರ್ಚಿ ಕಿರ್ ಎಂದಿತು. ಅವಳು ತಿರುಗಿ ನೋಡಲಿಲ್ಲ. ಬೆರಳನ್ನು ಬಾಯಲ್ಲಿಟ್ಟು ಚೀಪಿ, ಮತ್ತೆ ತೂಗಿದಳು. ಮೂರನೆಯ ಸಲಕ್ಕೆ ಬೋಲ್ಟು ಸೋತಿತು.

ಹಳೆಯ ಬೆಲ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಅವಳು ಪಕ್ಕದ ಬೀದಿಯ ಬಿಡಿಭಾಗದ ಅಂಗಡಿಗೆ ಹೋದಾಗ ಎರಡು ಗಂಟೆ. ಅಂಗಡಿಯವನು ನಂಬರ್ ಓದಿ, ಅದೇ ನಂಬರಿನ ಹೊಸ ಜೋಡಿ ತೆಗೆದಿಟ್ಟ. ಅವಳು ಕೊರಳಲ್ಲಿದ್ದ ಟೇಪು ಇಳಿಸಿದಳು. ಹಳೆಯದನ್ನು ಸುತ್ತ ಅಳೆದಳು, ಹೊಸದನ್ನು ಅಳೆದಳು. ಇನ್ನೊಮ್ಮೆ ಅಳೆದಳು.

"ಇದು ಅರ್ಧ ಇಂಚು ಗಿಡ್ಡ."

"ಅಕ್ಕಾ, ಎರಡರ ಮೇಲೂ ಒಂದೇ ನಂಬರ್ ಇದೆ, ನೋಡಿ."

"ನಂಬರ್ ಯಾರು ಬೇಕಾದ್ರೂ ಬರೀಬಹುದು. ಟೇಪು ಸುಳ್ಳು ಹೇಳಲ್ಲ."

"ಅರ್ಧ ಇಂಚಿಗೆಲ್ಲ ಏನಾಗುತ್ತೆ ಬಿಡಿ."

"ಅರ್ಧ ಇಂಚು ಕಮ್ಮಿಯಾದ್ರೆ ಮದುವೆ ಕೋಟಿನ ಗುಂಡಿ ಹತ್ತಲ್ಲ, ಗಂಡಿನ ಮುಖದಲ್ಲಿ ಕಳೆ ಇರಲ್ಲ. ಮೂವತ್ತು ವರ್ಷದಿಂದ ಅಳತೇಲೇ ಅನ್ನ ತಿಂತಿದೀನಿ. ಒಂದು ಸೈಜ್ ದೊಡ್ಡದು ಕೊಡಪ್ಪ."

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ನಗುತ್ತ ಅವನು ಒಂದು ಸೈಜ್ ದೊಡ್ಡ ಜೋಡಿ ತಂದುಕೊಟ್ಟ. "ಆಗದಿದ್ರೆ ತನ್ನಿ. ಮಸಿ ಮಾತ್ರ ಹತ್ತಿಸ್ಬೇಡಿ."

ಮನೆಗೆ ಬಂದು ಕೈ ಒರೆಸಿಕೊಂಡು, ಒಳಗಿನ ಬೆಲ್ಟನ್ನು ಎಂಜಿನ್ನಿನ ಮುಂದಿನ ಮೂರು ಪುಟ್ಟ ಗಾಲಿಗಳಿಗೂ ಸುತ್ತಿ ಏರಿಸಿದಳು. ಸಲೀಸಾಗಿ ಏರಿತು. ತೀರಾ ಸಲೀಸಾಗಿ. ಡೈನಮೋದ ಹಿಂದೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದಳು. ಬೆಲ್ಟು ಬಿಗಿಯಾಗಲಿ ಎಂದು ಮೀಟುತ್ತಲೇ ಹೋದಳು. ಬೋಲ್ಟು ತಾನು ಜಾರುವ ಸೀಳಿನ ತುದಿ ಮುಟ್ಟಿತು, ಇನ್ನು ಮುಂದಕ್ಕೆ ಜಾಗವಿಲ್ಲ. ಬೆಲ್ಟು ಇನ್ನೂ ಜೋಲುತ್ತಿತ್ತು.

ಅವಳು ಸಲಾಕೆ ಕೆಳಗಿಟ್ಟಳು. ಗಂಡ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು, ಬೆಲ್ಟು ಗಾಲಿಗೆ ಏರಿದ ಸುಲಭದಲ್ಲೇ ಗೊತ್ತಾಗಿರಬೇಕು. ಅವನ ತುಟಿ ಒಂದಿಷ್ಟು ಅಲುಗಿ, ಮತ್ತೆ ಮುಚ್ಚಿಕೊಂಡಿತು. ಕೇಳಿದರೆ ಹೇಳುತ್ತಾನೋ ಏನೋ. ಕೇಳಿದರೆ ಪಂದ್ಯ ಮುಗಿಯಿತು.

ಅವಳು ಕೇಳಲಿಲ್ಲ. ಹಳೆಯ ಬೆಲ್ಟನ್ನು ಮಡಿಲಲ್ಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಳು. ಒಳಮೈ ಹೊರಕ್ಕೆ ಬರುವಂತೆ ಮಡಚಿದರೆ ಉದ್ದಕ್ಕೂ ಬಿರುಕು, ಒಣಗಿದ ಕೆರೆಯ ತಳದ ಹಾಗೆ. ಎರಡು ಕೈಯಲ್ಲಿ ಹಿಡಿದು ಎಳೆದಳು. ಹಳೆಯ ಲಂಗದ ಸೊಂಟದಲ್ಲಿ ಸತ್ವ ಕಳೆದುಕೊಂಡ ಎಲಾಸ್ಟಿಕ್ಕನ್ನು ಎಳೆದಂತಾಯಿತು. ಅವಳ ಕೈ ಅಲ್ಲೇ ನಿಂತಿತು.

ಕೆಲಸ ಕಲಿಯಲು ಬಂದ ಎಷ್ಟು ಹೆಣ್ಣುಮಕ್ಕಳಿಗೆ ಅವಳು ಇದನ್ನೇ ಹೇಳಿ ಬೈದಿದ್ದಳು! ಹಳೇ ಎಲಾಸ್ಟಿಕ್ ಅಳತೆಗಿಟ್ಟು ಹೊಸದನ್ನು ಕತ್ತರಿಸಬೇಡಿ ಕಣ್ರೇ, ಅದು ಹಾಕಿ ಹಾಕಿ ಹಿಗ್ಗಿರುತ್ತೆ, ಲಂಗ ಕಾಲಿಗೆ ಬೀಳುತ್ತೆ. ಅಳತೆಗೆ ಕೊಟ್ಟ ಬಟ್ಟೆಯನ್ನೇ ನಂಬಿ ನಂಬಿ, ತನ್ನ ಬುದ್ಧಿಯೇ ಅಳತೆ ತಪ್ಪಿತ್ತು. ಹೊಸದು ಗಿಡ್ಡವಲ್ಲ, ಹಳೆಯದು ಹಿಗ್ಗಿತ್ತು.

"ಥೂ ನನ್ನ!" ಎಂದು ತನ್ನ ತಲೆಗೆ ತಾನೇ ಒಂದು ಕೊಟ್ಟುಕೊಂಡಳು. ಬೆಲ್ಟನ್ನು ಇಳಿಸಿ, ಬಟ್ಟೆಯಲ್ಲಿ ಒರೆಸಿ, ಹೊಸದೆರಡನ್ನೂ ಕಾಗದದಲ್ಲಿ ಸುತ್ತಿಕೊಂಡು ಬೀಸುಹೆಜ್ಜೆ ಹಾಕಿದಳು.

ಅಂಗಡಿಯವನು ದೂರದಿಂದಲೇ ಹಲ್ಲು ಬಿಟ್ಟ. "ಏನಕ್ಕಾ, ಮೊಲಕ್ಕೆ ನಾಲ್ಕನೇ ಕಾಲು ಬಂತಾ?"

"ಬಂತಪ್ಪ. ನಿನ್ನ ನಂಬರೇ ಸರಿ. ಹಲ್ಲು ಆಮೇಲೆ ಬಿಡು, ಮೊದಲು ಬೆಲ್ಟ್ ಕೊಡು."

ಈ ಸಲ ಬೆಲ್ಟು ಸುಲಭಕ್ಕೆ ಏರಲಿಲ್ಲ. ಡೈನಮೋವನ್ನು ಒಳಕ್ಕೆ ತಳ್ಳಿ, ಗಾಲಿಯ ಅಂಚಿನಲ್ಲಿ ಹೆಬ್ಬೆರಳು ಊರಿ, ಉಸಿರು ಕಟ್ಟಿ ನೂಕಬೇಕಾಯಿತು. ಸಲಾಕೆ ಕೊಟ್ಟು ಮೀಟಿದಾಗ ಅದು ಎಳೆದ ಹುರಿಯಂತೆ ನೆಟ್ಟಗಾಯಿತು. ಎಡಗೈಯಲ್ಲಿ ಸಲಾಕೆ ಒತ್ತಿ ಹಿಡಿದು, ಬಲಗೈಯಲ್ಲಿ ಬೋಲ್ಟು ತಿರುಗಿಸುತ್ತ, ಸಾಕೋ ಇನ್ನೂ ಬೇಕೋ ತಿಳಿಯದೆ ನಿಂತಳು. ಒತ್ತಿ ನೋಡಲು ಮೂರನೆಯ ಕೈ ಇರಲಿಲ್ಲ. ಗೋಡೆಯ ಗಡಿಯಾರ ನಾಲ್ಕೂ ಮುಕ್ಕಾಲು ಎನ್ನುತ್ತಿತ್ತು.

ಹಿಂದೆ ಕಾಲೆಳೆಯುವ ಸದ್ದು ಕೇಳಿತು. ಗಂಡ ಒಂದೊಂದೇ ಮೆಟ್ಟಿಲಿಳಿದು ಬಂದು, ಕಾರಿನ ಮಡ್‌ಗಾರ್ಡಿಗೆ ಸೊಂಟ ಆನಿಸಿ ನಿಂತ. ಎಡಗೈಯಿಂದ ಬಲಗೈಯನ್ನು ಎತ್ತಿ ಬೆಲ್ಟಿನ ಮೇಲಿಟ್ಟ. ಬೆರಳು ಅಲುಗಲಿಲ್ಲ. ಅದನ್ನು ಇಳಿಸಿ ಎಡಗೈಯ ಹೆಬ್ಬೆರಳಿಟ್ಟು, ಎರಡು ಗಾಲಿಗಳ ನಡುವೆ ಒತ್ತಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದ.

"ಇನ್ನೊಂದು ಕೂದಲೆಳೆಯಷ್ಟು," ಎಂದ.

ಅವಳು ಸಲಾಕೆಯನ್ನು ಕೂದಲೆಳೆಯಷ್ಟು ಒತ್ತಿದಳು.

"ಹಾಂ. ಬಿಗಿ."

ಬೋಲ್ಟು ಬಿಗಿಯುತ್ತ ಅವಳು ಕೇಳಿದಳು, "ಬಾಯಿ ಬಿಡಲ್ಲ ಅಂದಿದ್ರಿ?"

"ನಾನೆಲ್ಲಿ ಬಿಟ್ಟೆ? ಹೆಬ್ಬೆರಳು ಬಿಡ್ತು."

ಹೊರಗಿನ ಬೆಲ್ಟಿಗೂ ಆ ಹೆಬ್ಬೆರಳು ಬಂತು. ಅವಳು ಬ್ಯಾಟರಿಯ ವೈರು ಕೂಡಿಸಿ, ಸಲಾಕೆ ಸ್ಪ್ಯಾನರ್ ಎಲ್ಲವನ್ನೂ ಎಂಜಿನ್ನಿನ ಹತ್ತಿರದಿಂದ ಎತ್ತಿಟ್ಟು, ಕೀಲಿ ತಿರುಗಿಸುವ ಹೊತ್ತಿಗೆ ಗೇಟಿನಲ್ಲಿ ಗಿರಾಕಿಯ ಮೋಟಾರ್ ಸೈಕಲ್ ನಿಂತಿತು. ಎಂಜಿನ್ ಒಮ್ಮೆ ಕೆಮ್ಮಿ ಹತ್ತಿಕೊಂಡಿತು. ಆಮೇಲೆ ಒಂದೇ ಸಮನೆಯ ಗುನುಗು. ಗಿರಾಕಿ ಬಾನೆಟ್ಟಿನೊಳಗೆ ಬಗ್ಗಿ ಕಿವಿಗೊಟ್ಟ.

"ಕಿರುಚುತ್ತೆ ಅಂದಿದ್ರಿ, ಯಜಮಾನ್ರೇ?"

"ಕಿರುಚ್ತಿತ್ತು. ನಮ್ಮನೆಯವಳು ಬಾಯಿ ಮುಚ್ಚಿಸಿದ್ಲು."

"ಹಾಗಾದ್ರೆ ಮಾತಾಡೋಣ್ವಾ?"

ಗಂಡ ಎಡಗೈಯನ್ನು ಕಾರಿನ ಮೈಮೇಲೆ ಊರಿದ. ಟೈಲರಮ್ಮ ಮಸಿಗೈಯನ್ನು ಒರೆಸುವುದು ಬಿಟ್ಟು ನಿಂತಳು.

"ಇಲ್ಲಪ್ಪ. ಗಾಡಿ ಕೊಡೋದಿಲ್ಲ. ನಿಮ್ಮನ್ನ ಸುಮ್ಮನೆ ಓಡಾಡಿಸಿದ ಹಾಗಾಯ್ತು, ಬೇಜಾರು ಮಾಡ್ಕೋಬೇಡಿ."

ಗಿರಾಕಿ ಗೊಣಗುತ್ತ ಹೋದ. ಟೈಲರಮ್ಮ ಬಾನೆಟ್ ಇಳಿಸಿದಳು. ಗಂಡ ಕಾರಿನ ಮೈ ಹಿಡಿದುಕೊಂಡು, ಸ್ಟೀರಿಂಗ್ ಇರುವ ಕಡೆಯ ಬಾಗಿಲ ತನಕ ಬಂದು ನಿಂತ. ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಸುತ್ತಿಕೊಂಡು ಆಚೆ ಕಡೆಗೆ ಹೋದ. ಎಡಗೈಯಲ್ಲಿ ಬಾಗಿಲು ತೆಗೆದು, ಮೊದಲು ಕೂತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡ.

ಅವಳು ಅವನ ಸೀಟಿನಲ್ಲಿ ಕೂತಳು. ಕಾಲು ಕ್ಲಚ್ಚಿಗೆ ಎಟುಕಲಿಲ್ಲ.

"ಕೆಳಗೆ ಕಡ್ಡಿ ಇದೆ ನೋಡು. ಎತ್ತಿ ಮುಂದಕ್ಕೆ ಎಳಿ."

ಎತ್ತಿ ಎಳೆದಳು. ಸೀಟು ಅಲುಗಲಿಲ್ಲ.

"ಕೊಂಡ ದಿನ ನಾನು ಸರಿಮಾಡಿಕೊಂಡಿದ್ದು, ಆಮೇಲೆ ಸರಿಸೇ ಇಲ್ಲ, ಅದಕ್ಕೇ ಕಚ್ಚಿಕೊಂಡಿದೆ. ಜೋರಾಗಿ ಎಳಿ."

ಸ್ಟೀರಿಂಗ್ ಹಿಡಿದು, ಕಾಲೂರಿ, ಮೈಯೆಲ್ಲ ಕೊಟ್ಟು ಎಳೆದಳು. ಸೀಟು ಕರಕರ ಎಂದು ಮುಂದೆ ಸರಿಯಿತು. ಅದು ಬಿಟ್ಟುಬಂದ ಜಾಗದಲ್ಲಿ ಸೀಟು ಓಡುವ ಕಂಬಿ ಒಂದು ಗೇಣಿನಷ್ಟು, ಹೊಸದರಂತೆ ಬೆಳ್ಳಗೆ ಹೊಳೆಯುತ್ತಿತ್ತು.