ಉತ್ಸಾಹಭರಿತ ಗಾಳಿ

ಬಂದರಿನ ಹವಾಮಾನ ಕಚೇರಿಯಲ್ಲಿ ‘ಬಿರುಗಾಳಿ’ ಎಂದು ಬರೆಯಬೇಕಾದರೆ ಮುಖ್ಯಾಧಿಕಾರಿಯ ರುಜು ಬೇಕಿತ್ತು. ಗಾಳಿಗೆ ಬೀಸಲು ಯಾರ ರುಜುವೂ ಬೇಕಿರಲಿಲ್ಲ, ಅದು ಬೇರೆ ಮಾತು. ಹಿಂದೊಮ್ಮೆ ಕಚೇರಿಯವರು ಬಿರುಗಾಳಿ ಎಂದು ಸಾರಿ, ಅದು ಇಲ್ಲಿಗೆ ಬರದೆ ಪಕ್ಕದ ಊರಿನ ಹೆಂಚು ಹಾರಿಸಿ ಹೋಗಿ, ಇಲ್ಲಿಯ ಹೋಟೆಲುಗಳು ಖಾಲಿ ಬಿದ್ದು, ಮಾಲೀಕರು ಮೇಲಿನವರೆಗೂ ದೂರು ಒಯ್ದಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮುಖ್ಯಾಧಿಕಾರಿ ಒಂದು ಪದಸಮಿತಿ ಮಾಡಿದರು. ಸಮಿತಿಯವರು ಕಿಟಕಿ ಹಾಕಿಕೊಂಡು, ಬಿಸ್ಕತ್ತು ತಿನ್ನುತ್ತಾ ಇಡೀ ಮಳೆಗಾಲ ಕೂತರು. ಅವರು ಎದ್ದಾಗ ಬಿರುಗಾಳಿ ‘ಉತ್ಸಾಹಭರಿತ ಗಾಳಿ’ಯಾಗಿತ್ತು, ಸುಂಟರಗಾಳಿ ‘ವೃತ್ತಾಕಾರದ ತಂಗಾಳಿ’ಯಾಗಿತ್ತು, ಜಡಿಮಳೆ ‘ಉದಾರ ತುಂತುರು’ ಆಗಿತ್ತು. ಸಿಡಿಲಿಗೆ ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಏನೂ ಹೊಳೆಯದೆ ‘ಆಗಾಗ ಬೆಳಕು’ ಎಂದು ಬರೆದು ಕೈತೊಳೆದುಕೊಂಡರು. ಎಲ್ಲಕ್ಕಿಂತ ಕೆಟ್ಟ ದಿನಕ್ಕೆ ಎಲ್ಲಕ್ಕಿಂತ ಒಳ್ಳೆಯ ಮಾತು: ‘ಕಡಲು ಆಹ್ಲಾದಕರ’.

ಇದನ್ನೆಲ್ಲ ದಿನಾ ಬರೆದು ಮೈಕಿನಲ್ಲಿ ಓದುತ್ತಿದ್ದವಳು ವರದಿ ಅಕ್ಕ. ಬಂದರಿನವರು ಅವಳಿಗೆ ಇಟ್ಟ ಹೆಸರು ಅದು. ಅವಳ ದನಿ ದೋಣಿ ಕಟ್ಟುವ ಧಕ್ಕೆಯ ಧ್ವನಿವರ್ಧಕದಲ್ಲೂ ದೋಣಿಗಳ ವೈರ್‌ಲೆಸ್ಸಿನಲ್ಲೂ ಕೇಳುತ್ತಿತ್ತು. ಅವಳ ಒಬ್ಬನೇ ತಮ್ಮ ಮೀನಿನ ದೋಣಿ ನಡೆಸುವವನು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಬೆಳೆಸಿದವಳೇ ಅವಳು. ಅವನು ದಡ ಬಿಟ್ಟನೆಂದರೆ ಇವಳ ಜೀವ ಅರ್ಧ ನೀರಿನಲ್ಲೇ.

ಆದರೂ ಅವಳು ನಿಶ್ಚಿಂತೆಯಿಂದಿದ್ದಳು, ಯಾಕೆಂದರೆ ಬಂದರಿನವರು ದಡ್ಡರಲ್ಲ. ಸಮಿತಿಯ ಭಾಷೆಯನ್ನು ಸಮಿತಿಗಿಂತ ಚೆನ್ನಾಗಿ ಅವರೇ ಕಲಿತರು. ‘ಉತ್ಸಾಹ’ ಎಂದರೆ ಹಗ್ಗ ಬಿಗಿ. ‘ಉದಾರ’ ಎಂದರೆ ಬಲೆ ಒಳಗಿಡು. ‘ಆಹ್ಲಾದಕರ’ ಎಂದರೆ ಯಾವ ಕೆಲಸವೂ ಬೇಡ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಎತ್ತರದ ಜಾಗಕ್ಕೆ ಓಡು. ಕಡಲು ನಿಜಕ್ಕೂ ತಣ್ಣಗಿದ್ದರೆ ಕಚೇರಿ ‘ವಿಶೇಷವೇನಿಲ್ಲ’ ಎನ್ನುತ್ತಿತ್ತು, ಆಗ ದೋಣಿಗಳು ಹೊರಡುತ್ತಿದ್ದವು. ಸುಳ್ಳೇ ಆದರೂ ಒಂದು ಕ್ರಮದಲ್ಲಿ ಹೇಳಿದರೆ ಜನ ಅದರ ಮೇಲೆ ಮನೆ ಕಟ್ಟಿಕೊಳ್ಳುತ್ತಾರೆ ನೋಡಿ.

ಆ ದಿನ ಬೆಳಿಗ್ಗೆ ವಾಯುಭಾರ ಮಾಪಕದ ಮುಳ್ಳು ಧಸಕ್ಕನೆ ಕುಸಿಯಿತು. ಅಂಥ ಕುಸಿತವನ್ನು ವರದಿ ಅಕ್ಕ ಹಿಂದೆಂದೂ ಕಂಡಿರಲಿಲ್ಲ. ಮುಖ್ಯಾಧಿಕಾರಿ ಊರಲ್ಲಿರಲಿಲ್ಲ. ‘ಹವಾಮಾನದಲ್ಲಿ ಸಕಾರಾತ್ಮಕ ಭಾಷೆ’ ಎಂದು ಭಾಷಣ ಮಾಡಲು ಹೋಗಿದ್ದರು, ಫೋನು ಬಂದ್. ಇಂಥ ದಿನವೂ ಬೆಣ್ಣೆ ಹಚ್ಚಿ ಮಾತಾಡುವುದೇ? ಅವಳಿಗೆ ರೇಗಿತು. ಮೈಕು ಎಳೆದುಕೊಂಡು, ರುಜುವನ್ನು ಗಾಳಿಗೆ ತೂರಿ, ನೇರವಾಗಿ ಹೇಳಿಬಿಟ್ಟಳು: “ಭಾರೀ ಬಿರುಗಾಳಿ ಬರ್ತಾ ಇದೆ. ಯಾರೂ ಕಡಲಿಗೆ ಇಳೀಬೇಡಿ.”

ಹೇಳಿ ಮೈ ಹಗುರಾಯಿತು. ಕಿಟಕಿಗೆ ಬಂದು ನೋಡಿದರೆ, ದೋಣಿಗಳು ಒಂದರ ಹಿಂದೊಂದು ಹೊರಡುತ್ತಿದ್ದವು.

ಧಕ್ಕೆಯಲ್ಲಿ ನಡೆದದ್ದು ಇಷ್ಟು. ಎಲ್ಲರೂ ಮುಖ ಮುಖ ನೋಡಿಕೊಂಡರು. ಕಚೇರಿಯವರು ಬಿರುಗಾಳಿ ಎಂದದ್ದನ್ನು ಎಷ್ಟೋ ವರ್ಷಗಳಿಂದ ಯಾರೂ ಕೇಳಿರಲಿಲ್ಲ. ಬಲೆ ಹೆಣೆಯುವ ಮುದುಕ ಬೀಡಿ ಆರಿಸಿ ತೀರ್ಪು ಕೊಟ್ಟ: “ಸಿಹಿ ಅಂದ್ರೆ ಕಹಿ ತಾನೇ ಇವರಲ್ಲಿ? ಹಾಗಾದ್ರೆ ಕಹಿ ಅಂದ್ರೆ ಏನು, ನೀವೇ ಹೇಳಿ.” ಲೆಕ್ಕ ಸರಿಯಾಗಿಯೇ ಇತ್ತು. ಕಟ್ಟಿಹಾಕಿದ ದೋಣಿ ಒಂದೇ, ಹೊಸಬನದು. ಬೇರೆ ಕರಾವಳಿಯಿಂದ ಮೊನ್ನೆ ಮೊನ್ನೆ ಬಂದವನು, ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಪ್ರಾಣಿ. ಎಲ್ಲರೂ ಅವನನ್ನು ನೋಡಿ ನಕ್ಕು ಹೊರಟರು.

ವರದಿ ಅಕ್ಕ ಕಿಟಕಿ ಬಿಟ್ಟು ಓಡಿದಳು. ವೈರ್‌ಲೆಸ್ಸಿನಲ್ಲಿ ತಮ್ಮನನ್ನು ಹಿಡಿದಳು.

“ವಾಪಸ್ ಬಾರೋ. ನಾನು ಹೇಳಿದ್ದು ನಿಜ.”

“ಪಕ್ಕದಲ್ಲಿ ಸಾಹೇಬ್ರು ನಿಂತಿದಾರಾ ಅಕ್ಕಾ?” ಅವನು ನಗುತ್ತಿದ್ದ. “ಗೊತ್ತಾಯ್ತು ಬಿಡು, ನೀನು ಜಾಸ್ತಿ ಮಾತಾಡ್ಬೇಡ, ಕೆಲಸಕ್ಕೆ ಕುತ್ತು ಬರುತ್ತೆ.”

“ಯಾರೂ ಇಲ್ಲ ಕಣೋ, ನನ್ನಾಣೆ.”

“ಆಯ್ತಾಯ್ತು,” ಎಂದು ಅವನು ಗುಂಡಿ ಒತ್ತಿ ಮುಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಪಡುವಣ ಕಪ್ಪಿಟ್ಟಿತು. ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಿಜ ಹೇಳಿ ತಾನೇ ತಮ್ಮನನ್ನು ಕಡಲಿಗೆ ತಳ್ಳಿದೆನಲ್ಲ ಎಂದು ಅತ್ತಳು. ಕಡೆಗೆ ಮೂಗು ಒರೆಸಿಕೊಂಡು, ದನಿಗೆ ಸಕ್ಕರೆ ಬೆರೆಸಿ, ಮತ್ತೆ ಮೈಕಿನ ಮುಂದೆ ಕೂತಳು.

“ತಿದ್ದುಪಡಿ. ಕಡಲು ಅತ್ಯಂತ ಆಹ್ಲಾದಕರ. ಗಾಳಿ ಉತ್ಸಾಹಭರಿತ. ಉದಾರ ತುಂತುರು. ಆಗಾಗ ಬೆಳಕು. ಎಲ್ಲರೂ ನೀರಿನ ಮೇಲೆ ಹಾಯಾಗಿರಿ.”

ದೋಣಿಗಳು ಬಾಲ ತುಳಿಸಿಕೊಂಡ ಬೆಕ್ಕಿನಂತೆ ತಿರುಗಿದವು. ತಮ್ಮ ಧಕ್ಕೆಗೆ ಹಾರಿ ಹಗ್ಗ ಬಿಗಿಯುವುದಕ್ಕೂ ಮೊದಲ ಹೊಡೆತ ಬೀಳುವುದಕ್ಕೂ ಸರಿಹೋಯಿತು. ಸಂಜೆಯವರೆಗೆ ಗಾಳಿ ಊರನ್ನು ಹಿಡಿದು ಜಾಲಾಡಿಸಿತು.

ಮುಖ್ಯಾಧಿಕಾರಿ ಮರುದಿನ ಬಂದು ಎರಡೂ ವರದಿ ತರಿಸಿಕೊಂಡರು. ಮೊದಲನೆಯದಕ್ಕೆ ಮೆಮೊ ಕೊಟ್ಟರು. ಎರಡನೆಯದನ್ನು ಎಲ್ಲರೆದುರು ಓದಿಸಿ ಚಪ್ಪಾಳೆ ತಟ್ಟಿಸಿದರು. “ನೋಡಿ, ಒಳ್ಳೇ ಮಾತಿಗೆ ಎಷ್ಟು ಶಕ್ತಿ ಇದೆ. ಒಂದು ಜೀವಾನೂ ಹೋಗ್ಲಿಲ್ಲ.”

ಚಪ್ಪಾಳೆ ಮುಗಿಯುವಾಗ ಬಾಗಿಲಲ್ಲಿ ಹೊಸಬ ನಿಂತಿದ್ದ. ಒಂದು ಕೈಯನ್ನು ಬಟ್ಟೆ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ. ತುಟಿ ಉಪ್ಪುನೀರಿಗೆ ಒಡೆದು ಊದಿತ್ತು. ಅವನು ಸೀದಾ ವರದಿ ಅಕ್ಕನ ಮೇಜಿಗೆ ಬಂದ. ಕೂಗಾಡಲಿಲ್ಲ.

“ಬೆಳಿಗ್ಗೆ ನೀವು ಹೇಳಿದ್ರಿ, ಕಟ್ಟಿ ಹಾಕ್ದೆ. ಮಧ್ಯಾಹ್ನ ಹೇಳಿದ್ರಿ, ಬಿಚ್ಕೊಂಡು ಹೋದೆ. ದೋಣಿ ಹೋಯ್ತು. ರಾತ್ರಿಯೆಲ್ಲಾ ಒಂದು ಹಲಗೆ ಹಿಡ್ಕೊಂಡಿದ್ದೆ. ಎರಡ್ರಲ್ಲಿ ಯಾವುದು ನಿಜ ಇತ್ತು ಮೇಡಂ?”

“ಮೊದಲ್ನೇದು,” ಎಂದಳು. ನಾಚಿಕೆಯಿಂದ ಅವಳಿಗೆ ಕತ್ತೆತ್ತಲಾಗಲಿಲ್ಲ.

“ಮತ್ತೆ ಎರಡನೇದು ಯಾಕೆ ಹೇಳಿದ್ರಿ?”

ಮುಖ್ಯಾಧಿಕಾರಿ ಕೆಮ್ಮಿದರು. ಸಮಿತಿಯ ಪದಗಳೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇದ್ದವು. ಅವಳು ಯಾವುದನ್ನೂ ಮುಟ್ಟಲಿಲ್ಲ.

“ನನ್ನ ತಮ್ಮ ನೀರಿನ ಮೇಲಿದ್ದ.”

ಹೊಸಬ ಕೊರಳಿನ ಬಟ್ಟೆ ಸರಿಮಾಡಿಕೊಂಡ.

“ಹಾಗಾದ್ರೆ ಅದು ನನಗೆ ಹೇಳಿದ್ದಲ್ಲ, ಬಿಡಿ,” ಎಂದು ಹೊರಟುಹೋದ.