ತುರುಬಿನೊಳಗಿನ ಗಂಟು

ಗೋದಾಮಿನಲ್ಲಿ ಕ್ರೇನ್ ನಡೆಸುವ ಅವಳಿಗೆ ಹೆಲ್ಮೆಟ್ ಹಾಕಿಕೊಳ್ಳುವುದೇ ಶಿಕ್ಷೆಯಾಗಿತ್ತು. ತಲೆಯಲ್ಲಿ ಮೂರು ಗಂಟುಗಳೆದ್ದಿದ್ದವು. ಎರಡು ಗೋಲಿಯಂತೆ ನುಣ್ಣಗಿದ್ದು, ಒತ್ತಿದರೆ ಚರ್ಮದಡಿ ಜಾರುತ್ತಿದ್ದವು. ಮೂರನೆಯದು ಹೆಲ್ಮೆಟ್ಟಿನ ಪಟ್ಟಿ ಉಜ್ಜಿ ಉಜ್ಜಿ ಕೆಂಪಗೆ ಊದಿಕೊಂಡು ಒಸರುತ್ತಿತ್ತು. "ಕೊಂಬು ಮೂಡ್ತಿದೆಯೇನೋ, ನಮ್ಮನ್ನ ಹಾಯಬೇಡ ತಾಯಿ" ಎಂದು ಮೇಸ್ತ್ರಿ ನಗುತ್ತಿದ್ದ. ಮೊದಮೊದಲು ಅವಳೂ ನಕ್ಕಳು.

ಆಸ್ಪತ್ರೆಗೆ ಅಮ್ಮ ಜೊತೆಗೆ ಬಂದಳು. ಡಾಕ್ಟರ್ ಕೂದಲು ಬಿಡಿಸಿ, ಒಂದೊಂದೇ ಗಂಟನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ ನೋಡಿದರು.

"ಮನೆಯಲ್ಲಿ ಬೇರೆ ಯಾರಿಗಾದ್ರೂ ಹೀಗೆ ಇದೆಯಾ?"

ಅಮ್ಮ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, "ಇಲ್ಲಪ್ಪ, ನಮ್ಮ ವಂಶದಲ್ಲೇ ಯಾರಿಗೂ ಇಲ್ಲ" ಎಂದಳು.

ಡಾಕ್ಟರ್ ಮುಖ ಬಿಗಿಯಾಯಿತು. "ಎರಡು ಅಪಾಯವಿಲ್ಲದ ಗಂಟು ಅನ್ಸುತ್ತೆ. ಮೂರನೇದು ಬೇಗ ಬೆಳೆದಿದೆ, ಒಡೆದೂ ಇದೆ. ತೆಗೆದು ಲ್ಯಾಬಿಗೆ ಕಳಿಸೋಣ. ಕೆಟ್ಟದ್ದಲ್ಲ ಅಂತ ಈಗಲೇ ಹೇಳಕ್ಕಾಗಲ್ಲ."

ಗಂಟು ತೆಗೆದರು. ಕಾಯುವ ದಿನಗಳು ಶುರುವಾದವು. ಗಂಡ ತೀರಿಕೊಂಡಿದ್ದ, ಮಗಳಿಗೆ ಇವಳೊಬ್ಬಳೇ ಆಸರೆ. ಅಳುತ್ತ ಕೂತಾಗಲೆಲ್ಲ ಅಮ್ಮ ಪಕ್ಕಕ್ಕೆ ಬಂದು ಹಾಲಿನ ಲೋಟ ಹಿಡಿಯುತ್ತಿದ್ದಳು. ಕೊನೆಗೆ ಅಮ್ಮನ ತಂಗಿ ಚಿಕ್ಕಮ್ಮನಿಗೆ ಫೋನ್ ಮಾಡಿ, "ನನಗೇನಾದ್ರೂ ಆದ್ರೆ ಮಗಳನ್ನ ನೋಡ್ಕೊಳ್ತೀಯಾ?" ಎಂದು ಅತ್ತಳು.

"ಅಯ್ಯೋ ಹುಚ್ಚೀ, ತಲೆ ಗಂಟಿಗೆ ಯಾಕೆ ಸಾಯೋ ಮಾತು? ನಮ್ಮಜ್ಜಿಗೂ ಇತ್ತು, ನಿಮ್ಮಮ್ಮನಿಗೂ ಇದೆ! ಒಂದನ್ನ ಮದುವೆಗೆ ಮುಂಚೆ ತೆಗೆಸಿದ್ರು. ಉಳಿದವು ಅವಳ ತುರುಬೊಳಗೇ ಇವೆಯಲ್ಲ!"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಗೆ ನುಗ್ಗಿದಳು. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು.

"ತುರುಬು ಬಿಚ್ಚು."

ಅಮ್ಮನ ಕೈ ಹಾಗೇ ನಿಂತಿತು. "ಯಾರಿಗೂ ಹೇಳ್ಬೇಡ ಅಂತ ನಮ್ಮಮ್ಮ ಆಣೆ ಹಾಕಿಸಿದ್ರು ಕಣೇ. ನಿಮ್ಮಪ್ಪನಿಗೂ ಹೇಳಿರ್ಲಿಲ್ಲ. ಆವತ್ತು ಬಾಯಿಗೆ ಬಂದಿದ್ದೇ 'ಇಲ್ಲ' ಅಂತ."

"ಆವತ್ತು ಬಂತು, ಸರಿ. ಆಮೇಲೆ? ನಾನು ಅಳ್ತಿದ್ದಾಗ ಪಕ್ಕದಲ್ಲೇ ಕೂತು ಹಾಲು ಕುಡಿ ಅಂದ್ಯಲ್ಲ! ಹಾಲು ಬೇಕಿರ್ಲಿಲ್ಲಮ್ಮ ನನಗೆ, ಒಂದು ಮಾತು ಬೇಕಿತ್ತು!"

"ನಾಚಿಕೆಯಾಯ್ತು…"

"ನಿನ್ನ ನಾಚಿಕೆಗೆ ಬೆಂಕಿ ಹಾಕ!"

ಕೈಗೆ ಸಿಕ್ಕ ಮುಚ್ಚಳ ಗೋಡೆಗೆ ಬಡಿಯಿತು. ಸದ್ದಿಗೆ ಮಗಳು ಓಡಿಬಂದಳು. ಅವಳು ಮಗಳನ್ನು ಎಳೆದು ಎದುರು ನಿಲ್ಲಿಸಿಕೊಂಡಳು. "ನೋಡು, ಅಜ್ಜಿ ತಲೆಯಲ್ಲಿ ಗಂಟಿದೆ, ನನಗೂ ಇದೆ. ನಾಳೆ ನಿನಗೂ ಬರಬಹುದು. ಬಂದ್ರೆ ಹೆದರ್ಬೇಡ, ಮುಚ್ಚಿಡ್ಲೂಬೇಡ. ಡಾಕ್ಟರ್ ಕೇಳಿದ್ರೆ ಬಾಯಿಬಿಟ್ಟು ಹೇಳು." ಅಮ್ಮ ಈರುಳ್ಳಿ ಹಿಡಿದೇ ನಿಂತಿದ್ದಳು. ಇವಳು ಮಗಳ ಕೈಹಿಡಿದು ಹೊರಗೆ ನಡೆದಳು.

ಲ್ಯಾಬಿನ ಉತ್ತರ ಬಂತು: ಕೆಟ್ಟದ್ದೇನೂ ಇಲ್ಲ, ಕೂದಲ ಬುಡದಲ್ಲಿ ಬೆಳೆಯುವ ಮಾಮೂಲಿ ಚೀಲದಂಥ ಗಂಟು, ಒಳಗೇ ಒಡೆದು ಊದಿಕೊಂಡಿತ್ತು ಅಷ್ಟೆ. ಡಾಕ್ಟರ್ ಮುಂದೆ ಅಮ್ಮನೇ ತುರುಬು ಬಿಚ್ಚಿ ತಲೆ ತಗ್ಗಿಸಿ ಕೂತಳು. ಅವರು ಮುಟ್ಟಿ ನೋಡಿ, "ಇದು ವಂಶದಲ್ಲೇ ಬರೋದು. ಆವತ್ತೇ ಹೇಳಿದ್ರೂ ಪರೀಕ್ಷೆ ಮಾಡಿಸ್ತಿದ್ದೆ. ಆದ್ರೆ ಇವರನ್ನ ಇಷ್ಟು ಹೆದರಿಸ್ತಿರ್ಲಿಲ್ಲ" ಎಂದರು.

ಹೊರಗೆ ಬಂದಾಗ ಅಮ್ಮ ಮೆಲ್ಲಗೆ ಕೇಳಿದಳು: "ಇನ್ನೂ ಕೋಪಾನಾ?"

"ಹೌದು" ಎಂದವಳೇ ಅಮ್ಮನನ್ನು ಹಿಂದೆ ಬಿಟ್ಟು ಬಸ್ ನಿಲ್ದಾಣದತ್ತ ದಾಪುಗಾಲು ಹಾಕಿದಳು.